ಅಮೆರಿಕದ ನಾಟಕ ಓದಲು ಹೊರಟವರು ಮೊದಲು ಯಾರ ಮನೆಗೆ ಹೋಗಬೇಕು?

ಇಪ್ಪತ್ತನೆಯ ಶತಮಾನದ ಅಮೆರಿಕದ ನಾಟಕಗಳನ್ನು ಓದಬೇಕು, ಯಾವುದರಿಂದ ಶುರು ಮಾಡಲಿ ಎಂದು ಕೇಳಿದರೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’. ಉತ್ತರ ತಪ್ಪೇನಲ್ಲ. ಆದರೆ ಕೇಳಿದವರು ರಾತ್ರಿ ಒಬ್ಬರೇ ಕುಳಿತು ಓದುವವರೋ, ನಾಲ್ಕಾರು ಜನ ಸೇರಿ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುವವರೋ, ತಂಡ ಕಟ್ಟಿ ಆಡಲು ಹೊರಟವರೋ ಎಂದು ವಿಚಾರಿಸದೆ ಕೊಟ್ಟ ಉತ್ತರ ಅದು. ನಾನು ಕೆಲವು ವರ್ಷಗಳಿಂದ ಒಂದು ಭಾನುವಾರದ ಓದಿನ ಗುಂಪಿನಲ್ಲಿ ಈ ನಾಟಕಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟುಕೊಂಡು ಓದುತ್ತಾ ಬಂದಿದ್ದೇನೆ. ಯಾವುದು ಯಾರಿಗೆ ಒಗ್ಗುತ್ತದೆ ಎಂಬ ಬಗ್ಗೆ ನನ್ನ ಅಭಿಪ್ರಾಯಗಳು ಈಗ ಸಾಕಷ್ಟು ಗಟ್ಟಿಯಾಗಿವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಯ್ಕೆ ಸುಲಭವಾಗುವುದು ಅದರಿಂದಲೇ. ಈ ನಾಟಕಗಳು ಹೆಚ್ಚಿನ ಪಾಲು ಮನೆಯ ನಾಟಕಗಳು. ರಾಜರಿಲ್ಲ, ಯುದ್ಧಭೂಮಿ ಇಲ್ಲ. ಅಡುಗೆಮನೆ, ಪಡಸಾಲೆ, ಹಿತ್ತಲು, ಇಷ್ಟೇ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುವ ನಮಗೆ ಈ ಲೋಕ ತಿಳಿಯದ್ದೇನಲ್ಲ. ಪ್ರತಿಯೊಂದು ನಾಟಕಕ್ಕೂ ಮೂರು ಪ್ರಶ್ನೆ ಹಾಕಿ. ಈ ಮನೆ ಯಾರದು? ಇದಕ್ಕೆ ದುಡ್ಡು ಎಲ್ಲಿಂದ ಬಂತು? ಈ ಬಾಗಿಲಿನಿಂದ ಒಳಗೆ ಬರಲು ಯಾರಿಗೆ ಅವಕಾಶವಿಲ್ಲ? ಆ ದೇಶದ ನೂರು ವರ್ಷಗಳ ಸಮಾಜ ಈ ಮೂರು ಪ್ರಶ್ನೆಗಳ ಉತ್ತರದಲ್ಲೇ ಕಾಣುತ್ತದೆ.

ಮೂರು ಮನೆ, ಮೂವರು ಅಪ್ಪಂದಿರು

ಹೋಲಿಕೆಗೆ ಅತ್ಯಂತ ಫಲವತ್ತಾದ ನೆಲ ಇದು, ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. 1949ರ ‘ಡೆತ್ ಆಫ್ ಎ ಸೇಲ್ಸ್‌ಮನ್’, 1959ರಲ್ಲಿ ಬಂದ ಲೊರೈನ್ ಹ್ಯಾನ್ಸ್‌ಬೆರಿ ಅವರ ‘ಎ ರೈಸಿನ್ ಇನ್ ದ ಸನ್’, 1987ರಲ್ಲಿ ನ್ಯೂಯಾರ್ಕಿನ ವೃತ್ತಿರಂಗಭೂಮಿಯಾದ ಬ್ರಾಡ್‌ವೇಗೆ ಬಂದ ಆಗಸ್ಟ್ ವಿಲ್ಸನ್ ಅವರ ‘ಫೆನ್ಸಸ್’. ಬ್ರೂಕ್ಲಿನ್, ಷಿಕಾಗೊ, ಪಿಟ್ಸ್‌ಬರ್ಗ್‌ನ ಮೂರು ಮನೆಗಳು. ಮೂರಕ್ಕೂ ಯಾರದೋ ದೇಹದ ಬೆಲೆ ತೆತ್ತು ದುಡ್ಡು ಬರುತ್ತದೆ, ಅಥವಾ ಬರಬೇಕಾಗಿದೆ.

ವಿಲ್ಲಿ ಲೋಮನ್ ಊರೂರು ಸುತ್ತಿ ಮಾಲು ಮಾರುವವನು. ಅರವತ್ತು ದಾಟಿದೆ. ಕಂಪನಿ ಸಂಬಳ ನಿಲ್ಲಿಸಿ ಬರೀ ಕಮಿಷನ್ ಮೇಲೆ ಇಟ್ಟಿದೆ. ಮನೆಯ ಸಾಲದ ಕಂತು ಇಪ್ಪತ್ತೈದು ವರ್ಷದ್ದು, ಇನ್ನೊಂದೇ ಬಾಕಿ. ಫ್ರಿಜ್ಜಿನ ಕಂತು ಮುಗಿಯುವ ಹೊತ್ತಿಗೆ ಫ್ರಿಜ್ಜೇ ಕೆಟ್ಟಿರುತ್ತದೆ ಎಂದು ಗೊಣಗುತ್ತಾನೆ. ಒಂದು ವಸ್ತುವಾದರೂ ಕೆಡುವ ಮೊದಲು ಪೂರ್ತಿ ತನ್ನದಾಗಬೇಕು ಎಂಬುದು ಅವನ ಆಸೆ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಅಮೆರಿಕ ಕಂತಿನ ಮೇಲೆ ಕಾರು, ಫ್ರಿಜ್ಜು, ಮನೆ ಕೊಳ್ಳುತ್ತಾ ಏರುತ್ತಿದ್ದ ಕಾಲ ಅದು. ಆ ಏರಿನ ಹೊತ್ತಿನಲ್ಲಿಯೇ ಮಿಲ್ಲರ್ ಈ ಮನುಷ್ಯನನ್ನು ರಂಗಕ್ಕೆ ತಂದರು. ಎಲಿಯಾ ಕಜಾನ್ ನಿರ್ದೇಶಿಸಿದ ಆ ಮೊದಲ ಪ್ರಯೋಗ ಬ್ರಾಡ್‌ವೇಯಲ್ಲಿ 742 ಬಾರಿ ನಡೆಯಿತು.

ಈ ನಾಟಕವನ್ನು ಆರಿಸಿದರೆ ಎರಡನೆಯ ಅಂಕದಲ್ಲಿ ವಿಲ್ಲಿ ತನ್ನ ಮಾಲೀಕ ಹೋವರ್ಡ್‌ನ ಕೋಣೆಗೆ ಹೋಗುವ ದೃಶ್ಯವನ್ನು ನಿಧಾನವಾಗಿ ಓದಿ. ಹೋವರ್ಡ್ ವಿಲ್ಲಿಯ ಕಣ್ಣೆದುರೇ ಹುಟ್ಟಿ ಬೆಳೆದವನು. ಈಗ ಅವನ ಕೈಯಲ್ಲಿ ಹೊಸದಾಗಿ ಕೊಂಡ ಧ್ವನಿಮುದ್ರಣ ಯಂತ್ರ. ಅದರೊಳಗೆ ಅವನ ಪುಟ್ಟ ಮಗ ಅಮೆರಿಕದ ರಾಜ್ಯಗಳ ರಾಜಧಾನಿಗಳನ್ನು ಒಂದೊಂದಾಗಿ ಒಪ್ಪಿಸುತ್ತಿದ್ದಾನೆ. ವಿಲ್ಲಿ ಕೆಲಸ ಕೇಳಲು ಬಂದು ಆ ಮಗುವಿನ ಧ್ವನಿ ಮುಗಿಯುವವರೆಗೂ ಕಾಯಬೇಕು. ಆಮೇಲೆ ಕೇಳುತ್ತಾನೆ: ಊರು ಸುತ್ತುವುದು ಸಾಕು, ಇಲ್ಲೇ ಏನಾದರೂ ಕೊಡು, ವಾರಕ್ಕೆ ಅರವತ್ತೈದು ಡಾಲರ್ ಆದರೆ ಸಾಕು. ಆಗದು ಎನ್ನಿಸಿಕೊಂಡು ಐವತ್ತಕ್ಕೆ ಇಳಿಯುತ್ತಾನೆ. ಮತ್ತೆ ನಲವತ್ತಕ್ಕೆ. ಜೀವನವಿಡೀ ಚೌಕಾಸಿ ಮಾಡಿ ಬದುಕಿದವನು ತನ್ನನ್ನೇ ಮಾರಲು ನಿಂತಾಗ ತಾನೇ ಬೆಲೆ ಇಳಿಸಿಕೊಳ್ಳುತ್ತಾ ಹೋಗುವುದು ಎಷ್ಟು ದಾರುಣ. ಹೋವರ್ಡ್ ಆಚೆ ಹೋದಾಗ ವಿಲ್ಲಿಯ ಮೈ ತಗುಲಿ ಯಂತ್ರ ಮತ್ತೆ ಮಾತನಾಡತೊಡಗುತ್ತದೆ. ನಿಲ್ಲಿಸುವುದು ಹೇಗೆಂದು ತಿಳಿಯದೆ ಅವನು ಚೀರುತ್ತಾನೆ.

ಕೊನೆಗೆ ಇಪ್ಪತ್ತು ಸಾವಿರ ಡಾಲರ್ ವಿಮೆ ಮಕ್ಕಳಿಗೆ ಸಿಗಲೆಂದು ಕಾರು ಹತ್ತಿ ಸಾಯಲು ಹೋಗುತ್ತಾನೆ. ಆ ಹಣ ಬಂತೋ ಇಲ್ಲವೋ ನಾಟಕ ಹೇಳುವುದಿಲ್ಲ. ಸಮಾಧಿಯ ಮುಂದೆ ಕುಳಿತ ಹೆಂಡತಿ ಲಿಂಡಾ, ಮನೆಯ ಕೊನೆಯ ಕಂತನ್ನು ಈವತ್ತೇ ಕಟ್ಟಿದೆ, ಆದರೆ ಮನೆಯಲ್ಲಿ ಇರುವವರು ಯಾರೂ ಇಲ್ಲ ಎನ್ನುತ್ತಾಳೆ. ನಮ್ಮ ಗುಂಪಿನಲ್ಲಿ ಆ ಭಾಗ ಓದುತ್ತಿದ್ದವರು ನಿವೃತ್ತರಾದ ಒಬ್ಬ ಹಿರಿಯರು. ಮನೆಸಾಲ ತೀರಿಸಿ ಅವರಿಗೆ ಒಂದು ವರ್ಷವೂ ಆಗಿರಲಿಲ್ಲ. ಆ ಮಾತಿನಲ್ಲಿ ಅವರ ಧ್ವನಿ ನಿಂತುಹೋಯಿತು. ಪುಸ್ತಕವನ್ನು ಮಗುಚಿಟ್ಟು, ಒಳಗೆ ಹೋಗಿ ನೀರು ಕುಡಿದು ಬಂದು ಉಳಿದ ನಾಲ್ಕು ಸಾಲು ಓದಿದರು.

ಈಗ ‘ಎ ರೈಸಿನ್ ಇನ್ ದ ಸನ್’ ತೆಗೆದುಕೊಳ್ಳಿ. ಅಲ್ಲಿ ಅಪ್ಪ ವಿಮೆಗಾಗಿ ಸಾಯುತ್ತಾನೆ. ಇಲ್ಲಿ ಅಪ್ಪ ಆಗಲೇ ಸತ್ತಿದ್ದಾನೆ, ಅವನ ವಿಮೆಯ ಹತ್ತು ಸಾವಿರ ಡಾಲರಿನ ಚೆಕ್ಕಿಗಾಗಿ ಮನೆಯವರೆಲ್ಲ ಕಾಯುತ್ತಿರುವಲ್ಲಿ ನಾಟಕ ಶುರುವಾಗುತ್ತದೆ. ಒಂದು ನಾಟಕ ನಿಂತ ಜಾಗದಿಂದಲೇ ಇನ್ನೊಂದು ಹೊರಟಂತಿದೆ. ಷಿಕಾಗೊದ ದಕ್ಷಿಣ ಭಾಗದಲ್ಲಿ ಕಪ್ಪು ಕುಟುಂಬವೊಂದರ ಬಾಡಿಗೆ ಮನೆ. ಹುಡುಗ ಟ್ರಾವಿಸ್ ಪಡಸಾಲೆಯ ಸೋಫಾದ ಮೇಲೆ ಮಲಗುತ್ತಾನೆ. ಬಚ್ಚಲುಮನೆ ಹೊರಗಿನ ಓಣಿಯಲ್ಲಿ, ಪಕ್ಕದ ಮನೆಯವರ ಜೊತೆ ಪಾಳಿಯಲ್ಲಿ ಬಳಸಬೇಕು. ತಾಯಿ ಲೀನಾಗೆ ಸ್ವಂತ ಮನೆ ಬೇಕು, ಶ್ರೀಮಂತರ ಕಾರು ಓಡಿಸುವ ಮಗ ವಾಲ್ಟರ್‌ಗೆ ಹೆಂಡದಂಗಡಿಯ ಪಾಲು ಬೇಕು, ಮಗಳು ಬೆನೀಥಾ ವೈದ್ಯಳಾಗಬೇಕು. ಲೀನಾ ಮೂರೂವರೆ ಸಾವಿರ ಮುಂಗಡ ಕೊಟ್ಟು ಬಿಳಿಯರ ಬಡಾವಣೆಯಲ್ಲಿ ಮನೆ ಗೊತ್ತುಮಾಡುತ್ತಾಳೆ. ಉಳಿದದ್ದನ್ನು ನಂಬಿ ಮಗನ ಕೈಗೆ ಕೊಡುತ್ತಾಳೆ, ಅವನು ಅದನ್ನು ಮೋಸಗಾರನೊಬ್ಬನಿಗೆ ಕಳೆದುಕೊಳ್ಳುತ್ತಾನೆ. ಅಷ್ಟರಲ್ಲಿ ಆ ಬಡಾವಣೆಯ ಸಂಘದಿಂದ ಲಿಂಡ್ನರ್ ಎಂಬ ಬಿಳಿಯ ಬರುತ್ತಾನೆ. ಗದರುವುದಿಲ್ಲ, ಬೈಯುವುದಿಲ್ಲ. ಬಹಳ ವಿನಯದಿಂದ, ನೀವು ಬರದೇ ಇದ್ದರೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೊಡುತ್ತೇವೆ ಎನ್ನುತ್ತಾನೆ.

ಲಿಂಡ್ನರ್ ಕಲ್ಪನೆಯ ಕೂಸಲ್ಲ. ಹ್ಯಾನ್ಸ್‌ಬೆರಿ ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಅವರ ತಂದೆ ಕಾರ್ಲ್ ಹ್ಯಾನ್ಸ್‌ಬೆರಿ ಷಿಕಾಗೊದ ಬಿಳಿಯರ ಬೀದಿಯಲ್ಲಿ ಮನೆ ಕೊಂಡರು. ಗುಂಪು ಸೇರಿ ಕಲ್ಲು ತೂರಿತು, ಒಂದು ಕಲ್ಲು ಹುಡುಗಿಗೆ ತಗುಲುವುದು ಕೂದಲೆಳೆಯಲ್ಲಿ ತಪ್ಪಿತು. ಕಪ್ಪು ಜನರಿಗೆ ಮನೆ ಮಾರಬಾರದು ಎಂದು ಮಾಲೀಕರು ತಮ್ಮತಮ್ಮಲ್ಲೇ ಬರೆದುಕೊಂಡ ಕರಾರುಗಳು ಆಗ ಎಲ್ಲೆಡೆ ಇದ್ದವು. ಅವರ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 1940ರಲ್ಲಿ ತಂದೆಯ ಪರವಾಗಿ ತೀರ್ಪು ಬಂತು, ಆದರೆ ಅದು ಕಾನೂನಿನ ಕ್ರಮಕ್ಕೆ ಸಂಬಂಧಿಸಿದ ಸಣ್ಣ ಕಾರಣದ ಮೇಲೆ. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡಕೂಡದು ಎಂಬ ತೀರ್ಪು ಬಂದದ್ದು 1948ರಲ್ಲಿ, ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ತಾರತಮ್ಯ ನಿಷೇಧಿಸುವ ಕಾಯಿದೆ ಬಂದದ್ದು 1968ರಲ್ಲಿ. ಹ್ಯಾನ್ಸ್‌ಬೆರಿ ಅದನ್ನು ಕಾಣಲಿಲ್ಲ, 1965ರಲ್ಲಿ ಮೂವತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡರು. ಬ್ರಾಡ್‌ವೇಯಲ್ಲಿ ಪ್ರದರ್ಶನ ಕಂಡ, ಕಪ್ಪು ಮಹಿಳೆಯೊಬ್ಬರು ಬರೆದ ಮೊದಲ ನಾಟಕ ಅವರದು. ಬಾಡಿಗೆಗೆ ಮನೆ ಹುಡುಕುವಾಗ ‘ನೀವು ಯಾವ ಜನ?’ ಎಂಬ ಪ್ರಶ್ನೆ ಎದುರಿಸಿದ ಯಾವ ಕನ್ನಡಿಗನಿಗೂ ಲಿಂಡ್ನರ್‌ನ ವಿನಯದ ಅರ್ಥ ವಿವರಿಸಬೇಕಾಗಿಲ್ಲ.

ಇದನ್ನು ಓದಿದ ಮೇಲೆ ‘ಸೇಲ್ಸ್‌ಮನ್’ ಕೂಡ ಬೇರೆಯಾಗಿ ಕಾಣುತ್ತದೆ. ವಿಲ್ಲಿಯ ಮನೆಯ ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ಬಿಸಿಲು ಬೀಳುವುದಿಲ್ಲ, ಹಿತ್ತಲಲ್ಲಿ ಬೀಜ ಮೊಳೆಯುವುದಿಲ್ಲ. ಲೀನಾಳ ಮನೆಗೆ ಇರುವುದೇ ಒಂದು ಕಿಟಕಿ, ಅದರ ಕಟ್ಟೆಯ ಮೇಲೆ ಕುಂಡದಲ್ಲಿ ಬಡಕಲು ಗಿಡವೊಂದನ್ನು ಅವಳು ಸಾಕಿಕೊಂಡಿದ್ದಾಳೆ. ಇಬ್ಬರೂ ಕೇಳುವುದು ಬಿಸಿಲನ್ನೇ. ಆದರೆ ವಿಲ್ಲಿಗೆ ಸಾಲ ಕೊಡಲು ಬ್ಯಾಂಕು ಇತ್ತು. 1934ರ ನಂತರ ಸರ್ಕಾರದ ವಸತಿ ಇಲಾಖೆ ಮನೆಸಾಲಗಳಿಗೆ ಭದ್ರತೆ ನೀಡುವಾಗ ಕಪ್ಪು ಜನರಿದ್ದ ಬಡಾವಣೆಗಳನ್ನು ಹೊರಗಿಟ್ಟಿತು. 1947ರಲ್ಲಿ ನ್ಯೂಯಾರ್ಕಿನ ಹೊರವಲಯದಲ್ಲಿ ಕಟ್ಟಲು ಶುರುಮಾಡಿದ ಬಡಾವಣೆ ಲೆವಿಟ್‌ಟೌನ್‌ನ ಕರಾರುಪತ್ರದಲ್ಲಿ ಬಿಳಿಯರಲ್ಲದವರಿಗೆ ವಾಸದ ಹಕ್ಕಿಲ್ಲ ಎಂದೇ ಇತ್ತು. ವಿಲ್ಲಿಯ ಕನಸು ಅವನಿಗೆ ಮೋಸ ಮಾಡಿತು ನಿಜ. ಲೀನಾಳ ಯಂಗರ್ ಕುಟುಂಬಕ್ಕೆ ಆ ಕನಸಿನ ಬಾಗಿಲೇ ಮುಚ್ಚಿತ್ತು.

‘ಫೆನ್ಸಸ್’ ನಾಟಕದ ಟ್ರಾಯ್ ಮ್ಯಾಕ್ಸನ್ ಪಿಟ್ಸ್‌ಬರ್ಗಿನಲ್ಲಿ ಕಸದ ಲಾರಿಗೆ ಕಸ ಎತ್ತಿ ತುಂಬುವವನು, ಕಾಲ 1957. ಬಿಳಿಯರೇ ಏಕೆ ಲಾರಿ ಓಡಿಸಬೇಕು, ನಾವೇ ಏಕೆ ಎತ್ತಬೇಕು ಎಂದು ಮೇಲಧಿಕಾರಿಯನ್ನು ಕೇಳಿ ಚಾಲಕನ ಕೆಲಸ ಗಳಿಸುತ್ತಾನೆ. ಒಳ್ಳೆಯ ಬೇಸ್‌ಬಾಲ್ ಆಟಗಾರನಾಗಿದ್ದವನು, ಆದರೆ ದೊಡ್ಡ ತಂಡಗಳು 1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್‌ಗೆ ಬಾಗಿಲು ತೆರೆಯುವ ಹೊತ್ತಿಗೆ ಅವನ ವಯಸ್ಸು ಮೀರಿತ್ತು. ಅವನ ಮನೆಯ ದುಡ್ಡು ಎಲ್ಲಿಯದು? ಯುದ್ಧದಲ್ಲಿ ತಲೆಗೆ ಪೆಟ್ಟುಬಿದ್ದು ಬುದ್ಧಿ ಕದಡಿದ ತಮ್ಮ ಗೇಬ್ರಿಯಲ್‌ಗೆ ಸೇನೆ ಕೊಟ್ಟ ಮೂರು ಸಾವಿರ ಡಾಲರ್. ಟ್ರಾಯ್ ಅದನ್ನು ಬಚ್ಚಿಡುವುದಿಲ್ಲ. ನಾಚಿಕೆಯಿಂದಲೇ ಹೇಳಿಕೊಳ್ಳುತ್ತಾನೆ.

ಈ ಮೂರು ನಾಟಕಗಳ ಹೋಲಿಕೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಒಂದು ಪದ. ವಿಲ್ಲಿಯ ಧರ್ಮವೆಲ್ಲ ಜನರಿಗೆ ‘ಇಷ್ಟವಾಗುವುದರಲ್ಲಿ’ ಇದೆ. ಇಷ್ಟವಾದವನಿಗೆ ಕೊರತೆಯಿಲ್ಲ ಎಂದು ನಂಬಿ ಮಕ್ಕಳಿಗೂ ಅದನ್ನೇ ಕಲಿಸುತ್ತಾನೆ, ಆ ಕಲಿಕೆಯೇ ಹಿರಿಮಗ ಬಿಫ್‌ನನ್ನು ಹಾಳುಮಾಡುತ್ತದೆ. ‘ಫೆನ್ಸಸ್’ನಲ್ಲಿ ಮಗ ಕೋರಿ ಅಪ್ಪನನ್ನು ಕೇಳುತ್ತಾನೆ, ನಿನಗೆ ನಾನೆಂದರೆ ಯಾಕೆ ಇಷ್ಟವಿಲ್ಲ? ಟ್ರಾಯ್ ಸಿಡಿದುಬೀಳುತ್ತಾನೆ: ನಿನ್ನನ್ನು ಇಷ್ಟಪಡಲೇಬೇಕು ಎಂದು ಯಾವ ಕಾನೂನಿದೆ? ಹೊಟ್ಟೆಗೆ ಹಾಕುತ್ತೇನೆ, ಬಟ್ಟೆ ಕೊಡುತ್ತೇನೆ, ಯಾಕೆಂದರೆ ನೀನು ನನ್ನ ಮಗ, ಅದು ನನ್ನ ಹೊಣೆ. ಜನ ನಿನ್ನನ್ನು ಇಷ್ಟಪಡುತ್ತಾರೋ ಇಲ್ಲವೋ ನೋಡಬೇಡ, ನ್ಯಾಯವಾಗಿ ನಡೆದುಕೊಳ್ಳುತ್ತಾರೋ ನೋಡು. ವಿಲ್ಲಿಯ ಕಡೆಯಿಂದ ಬಂದವರಿಗೆ ಈ ಮಾತು ಕೆನ್ನೆಗೆ ಬಿದ್ದಂತಾಗುತ್ತದೆ. ಎರಡೂ ಕಡೆ ಅಪ್ಪ ಮಗನನ್ನು ಮುರಿಯುತ್ತಾನೆ, ಒಬ್ಬ ಸುಳ್ಳು ಭರವಸೆ ಕೊಟ್ಟು, ಇನ್ನೊಬ್ಬ ಭರವಸೆಯನ್ನೇ ಕಿತ್ತುಕೊಂಡು.

ಹಾಗಾದರೆ ಯಾವುದನ್ನು ಆರಿಸಬೇಕು? ನಾಟಕದ ಕಟ್ಟಡ ಕಲಿಯಬೇಕೆಂದರೆ ‘ಸೇಲ್ಸ್‌ಮನ್’. ಅದರಲ್ಲಿ ವರ್ತಮಾನದ ದೃಶ್ಯವಾದರೆ ಪಾತ್ರಗಳು ಬಾಗಿಲಿನಿಂದಲೇ ಬರುತ್ತವೆ, ವಿಲ್ಲಿಯ ನೆನಪಿನ ದೃಶ್ಯವಾದರೆ ಗೋಡೆಯ ಗೆರೆಯನ್ನು ದಾಟಿ ನಡೆದುಬರುತ್ತವೆ. ಓದುವಾಗ ರಂಗಸೂಚನೆ ಬಿಟ್ಟುಬಿಟ್ಟರೆ ಅರ್ಧ ನಾಟಕ ಹೋದಂತೆಯೇ. ಸಮಾಜ ಅರಿಯಬೇಕೆಂದರೆ ‘ರೈಸಿನ್’. ಹಿಂದುಮುಂದಿಲ್ಲದ ನೇರ ಕಥೆ, ಮೊದಲ ಸಲ ಓದುವವರಿಗೂ ಎಡವುವುದಿಲ್ಲ. ಮಾತಿನ ಸಂಗೀತ ಬೇಕೆಂದರೆ ‘ಫೆನ್ಸಸ್’, ಆದರೆ ವಿಲ್ಸನ್ ಅವರ ಕಪ್ಪು ಜನರ ಆಡುನುಡಿ ಪುಟದ ಮೇಲೆ ಕಷ್ಟ ಕೊಡುತ್ತದೆ. ಗಟ್ಟಿಯಾಗಿ ಓದಿದರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಂದನ್ನೇ ಓದಲು ಪುರುಸೊತ್ತು ಇರುವವರಿಗೆ ನಾನು ‘ರೈಸಿನ್’ ಎನ್ನುತ್ತೇನೆ, ‘ಸೇಲ್ಸ್‌ಮನ್’ ಅಲ್ಲ. ‘ಫೆನ್ಸಸ್’ ಹಿಡಿಸಿದವರಿಗೆ ಮುಂದೆ ಬಹಳ ದಾರಿ ಇದೆ: ಶತಮಾನದ ಒಂದೊಂದು ದಶಕಕ್ಕೆ ಒಂದೊಂದರಂತೆ ವಿಲ್ಸನ್ ಹತ್ತು ನಾಟಕ ಬರೆದು, 2005ರಲ್ಲಿ ಹತ್ತನೆಯದು ಮುಗಿದ ವರ್ಷವೇ ತೀರಿಕೊಂಡರು. ಇನ್ನೊಂದು ಸಂಗತಿ: 1959ರಲ್ಲಿ ‘ರೈಸಿನ್’ ನಿರ್ದೇಶಿಸಿದ ಲಾಯ್ಡ್ ರಿಚರ್ಡ್ಸ್ ಅವರೇ ‘ಫೆನ್ಸಸ್’ ಅನ್ನೂ ನಿರ್ದೇಶಿಸಿದರು.

ದೀಪ ಆರಿಸುವವರು, ದೀಪಕ್ಕೆ ಮರೆ ಹಿಡಿಯುವವರು

ಟೆನೆಸಿ ವಿಲಿಯಮ್ಸ್ ಮತ್ತು ಯುಜೀನ್ ಓನೀಲ್ ನಡುವೆ ಆಯ್ಕೆ ಮಾಡಬೇಕಾದವರು ವಿದ್ಯುದ್ದೀಪಗಳನ್ನು ಗಮನಿಸಬೇಕು.

ವಿಲಿಯಮ್ಸ್ ಅವರ ‘ದ ಗ್ಲಾಸ್ ಮೆನಾಜರಿ’ 1944ರ ಕೊನೆಯಲ್ಲಿ ಷಿಕಾಗೊದಲ್ಲಿ ಮೊದಲು ರಂಗಕ್ಕೆ ಬಂತು. ಸೇಂಟ್ ಲೂಯಿಯ ಇಕ್ಕಟ್ಟಾದ ಬಾಡಿಗೆ ಮನೆ, ಆರ್ಥಿಕ ಕುಸಿತದ ಮೂವತ್ತರ ದಶಕ. ಅಪ್ಪ ಟೆಲಿಫೋನ್ ಕಂಪನಿಯಲ್ಲಿದ್ದವನು, ಮನೆ ಬಿಟ್ಟು ಹೋಗಿದ್ದಾನೆ, ಗೋಡೆಯ ಮೇಲೆ ಅವನ ನಗುವ ಚಿತ್ರ ಮಾತ್ರ. ಮಗ ಟಾಮ್‌ನದು ಚಪ್ಪಲಿ ಗೋದಾಮಿನಲ್ಲಿ ಕೆಲಸ. ಮಗಳು ಲಾರಾ ಕಾಲು ಎಳೆದು ನಡೆಯುವ, ಮಾತಿಗೆ ಹೆದರುವ ಹುಡುಗಿ, ಗಾಜಿನ ಪುಟ್ಟ ಪ್ರಾಣಿಗಳೇ ಅವಳ ಪ್ರಪಂಚ. ತಾಯಿ ಅಮಾಂಡಾಗೆ ಮಗಳಿಗೊಂದು ಗಂಡು ಹುಡುಕುವ ಚಿಂತೆ. ನಮ್ಮ ಎಷ್ಟು ಮನೆಗಳ ಕಥೆ ಇದು! ಅಂತೂ ಒಬ್ಬ ಯುವಕ ಊಟಕ್ಕೆ ಬಂದ ರಾತ್ರಿ ದೀಪ ಆರಿಹೋಗುತ್ತದೆ, ಏಕೆಂದರೆ ವಿದ್ಯುತ್ ಬಿಲ್ಲಿನ ಹಣವನ್ನು ಟಾಮ್ ಹಡಗಿನ ಕೆಲಸಗಾರರ ಸಂಘಕ್ಕೆ ಚಂದಾ ಕಟ್ಟಿ ಓಡಿಹೋಗುವ ತಯಾರಿಯಲ್ಲಿದ್ದಾನೆ. ಮೇಣದ ಬತ್ತಿಯ ಬೆಳಕಿನಲ್ಲಿ ಆ ಯುವಕ ಲಾರಾಳ ಜೊತೆ ಕುಣಿಯುವಾಗ ಮೇಜಿಗೆ ಬಡಿದು ಗಾಜಿನ ಒಂಟಿಕೊಂಬಿನ ಕುದುರೆಯ ಕೊಂಬು ಮುರಿಯುತ್ತದೆ. ಲಾರಾ ಅಳುವುದಿಲ್ಲ. ಈಗ ಅದೂ ಉಳಿದ ಕುದುರೆಗಳಂತೆಯೇ ಆಯಿತು ಎನ್ನುತ್ತಾಳೆ. ನಾಟಕದ ಹಿಂದೆ ವಿಲಿಯಮ್ಸ್ ಅವರ ಅಕ್ಕ ರೋಸ್ ಇದ್ದಾರೆ, 1943ರಲ್ಲಿ ಅವರ ಮಿದುಳಿನ ಶಸ್ತ್ರಚಿಕಿತ್ಸೆ ಆಗಿತ್ತು. ಇದು ತಿಳಿದಮೇಲೆ ಟಾಮ್‌ನ ಕೊನೆಯ ಮಾತುಗಳನ್ನು ಹಗುರವಾಗಿ ಓದಲಾಗದು.

‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ 1947ರದು. ಬ್ಲಾಂಚ್‌ಳ ಮನೆತನದ ತೋಟದ ಬಂಗಲೆ ಸಾಲಕ್ಕೆ ಹೋಗಿದೆ, ಅವಳು ಪೆಟ್ಟಿಗೆ ಹಿಡಿದು ನ್ಯೂ ಆರ್ಲಿಯನ್ಸ್‌ಗೆ ತಂಗಿಯ ಎರಡು ಕೋಣೆಯ ಮನೆಗೆ ಬರುತ್ತಾಳೆ. ತಂಗಿಯ ಗಂಡ ಸ್ಟ್ಯಾನ್ಲಿ ಪೋಲೆಂಡಿನಿಂದ ವಲಸೆ ಬಂದವರ ಮಗ, ಕೂಲಿ ಮಾಡಿ ಮೇಲೆ ಬಂದವನು. ದಕ್ಷಿಣದ ಹಳೆಯ ಜಮೀನ್ದಾರಿಕೆ ಮತ್ತು ಕಾರ್ಖಾನೆಯ ಹೊಸ ಅಮೆರಿಕ ಒಂದೇ ಪರದೆಯ ಆಚೆ ಈಚೆ ಮಲಗಬೇಕು. ಬ್ಲಾಂಚ್ ಬರಿಯ ಬಲ್ಬಿಗೆ ಕಾಗದದ ಲಾಟೀನು ಹಾಕಿಸುತ್ತಾಳೆ. ಅದನ್ನು ಮೊದಲು ಹರಿಯುವವನು ಅವಳನ್ನು ಮದುವೆಯಾಗಬೇಕೆಂದಿದ್ದವನು, ಕೊನೆಯಲ್ಲಿ ಕಿತ್ತು ಕೈಗೆ ಕೊಡುವವನು ಸ್ಟ್ಯಾನ್ಲಿ. ಇವೆರಡರಲ್ಲಿ ಒಂದೆಂದರೆ, ನಾಲ್ಕೇ ಪಾತ್ರಗಳ ‘ಮೆನಾಜರಿ’ಯನ್ನು ಮೊದಲು ಓದಿ. ‘ಸ್ಟ್ರೀಟ್‌ಕಾರ್’ನಲ್ಲಿ ಅತ್ಯಾಚಾರವಿದೆ, ಅದನ್ನು ಕಂಡೂ ಕಾಣದಂತೆ ಬದುಕುವ ಮನೆಯಿದೆ. ಎಳೆಯರ ಗುಂಪಿನಲ್ಲಿ ಓದುವುದಾದರೆ ಮೊದಲೇ ಮಾತನಾಡಿಕೊಂಡು ಹೊರಡಬೇಕು.

ಓನೀಲ್ ಅವರ ‘ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್’ ಬಗ್ಗೆ ನನ್ನ ಪ್ರೀತಿ ದೊಡ್ಡದು, ಎಚ್ಚರಿಕೆಯೂ ದೊಡ್ಡದು. ನಮ್ಮ ಗುಂಪು ಶುರುವಾದದ್ದು ಇದರಿಂದಲೇ. ಅದು ತಪ್ಪು ಆಯ್ಕೆಯಾಗಿತ್ತು. ನಾಲ್ಕು ಅಂಕ, ಆಡಿದರೆ ಹತ್ತಿರ ಹತ್ತಿರ ನಾಲ್ಕು ಗಂಟೆ. ಎರಡನೆಯ ಭಾನುವಾರಕ್ಕೆ ಅರ್ಧ ಜನ ಉಳಿದರು. 1912ರ ಆಗಸ್ಟಿನ ಒಂದು ದಿನ, ಬೆಳಗಿನ ತಿಂಡಿಯಿಂದ ನಡುರಾತ್ರಿಯವರೆಗೆ ಒಂದೇ ಮನೆ. ಅಪ್ಪ ಹೆಸರಾಂತ ನಟ, ತಾಯಿ ಮೇರಿ ಮಾರ್ಫಿನ್ ಚಟಕ್ಕೆ ಬಿದ್ದವಳು, ಹಿರಿಮಗ ಕುಡುಕ, ಕಿರಿಮಗನಿಗೆ ಕ್ಷಯ. ಇದು ಓನೀಲ್ ಅವರ ಸ್ವಂತ ಮನೆಯ ಕಥೆ. ತಾನು ಸತ್ತು ಇಪ್ಪತ್ತೈದು ವರ್ಷ ಕಳೆಯುವವರೆಗೂ ಹೊರಬರಬಾರದೆಂದು ಬರೆದಿಟ್ಟಿದ್ದರು. ಅವರು ತೀರಿಕೊಂಡದ್ದು 1953ರಲ್ಲಿ. ಪತ್ನಿ ಒಪ್ಪಿಗೆ ಕೊಟ್ಟು 1956ರಲ್ಲೇ ಪ್ರಕಟವಾಯಿತು, ಮೊದಲ ಪ್ರದರ್ಶನ ನಡೆದದ್ದು ಅಮೆರಿಕದಲ್ಲಲ್ಲ, ಸ್ಟಾಕ್‌ಹೋಮ್‌ನಲ್ಲಿ.

ಐರ್ಲೆಂಡಿನಿಂದ ಹಸಿದು ಬಂದ ಕುಟುಂಬದ ಆ ಅಪ್ಪ ಸಿಕ್ಕ ದುಡ್ಡಿನಲ್ಲೆಲ್ಲ ಜಮೀನು ಕೊಳ್ಳುತ್ತಾನೆ, ಆದರೆ ಹೆರಿಗೆಯಾದ ಹೆಂಡತಿಗೆ ಅಗ್ಗದ ವೈದ್ಯನನ್ನು ಕರೆಸಿದವನು ಅವನೇ. ಆ ವೈದ್ಯ ಕೊಟ್ಟ ಮಾರ್ಫಿನ್‌ನಿಂದಲೇ ಅವಳ ಚಟ. ನಾಲ್ಕನೆಯ ಅಂಕದಲ್ಲಿ ದುಡ್ಡು ಹಾಳು ಎಂದು ಒಂದೇ ದೀಪದ ಬೆಳಕಿನಲ್ಲಿ ಕುಳಿತವನು ಮಗನ ಮಾತಿಗೆ ಸೆಟೆದು ಎದ್ದು ಒಂದೊಂದೇ ಬಲ್ಬು ಹಾಕುತ್ತಾನೆ. ಆಮೇಲೆ ತನ್ನ ಬಾಳಿನ ಸೋಲನ್ನೆಲ್ಲ ಹೇಳಿಕೊಂಡು, ಮೆಲ್ಲಗೆ ಎದ್ದು ಮತ್ತೆ ಒಂದೊಂದನ್ನೇ ಆರಿಸುತ್ತಾನೆ. ಬಡತನ ಮೈಯೊಳಗೆ ಹೊಕ್ಕವರನ್ನು ಕಂಡವರಿಗೆ ಆ ಕೈ ಗೊತ್ತು. ಇದನ್ನು ಐದಾರು ನಾಟಕ ಓದಿಯಾದ ಮೇಲೆ ಕೈಗೆತ್ತಿಕೊಳ್ಳಿ. ಒಬ್ಬರೇ ಓದಿ, ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು.

ಭಯದ ಕಾಲದ ನಾಟಕಗಳು

ಸಮಾಜ ಹೇಗೆ ಹೆದರುತ್ತದೆ ಎಂಬುದನ್ನು ನೋಡಬೇಕಾದರೆ ಮಿಲ್ಲರ್ ಅವರ ‘ದ ಕ್ರೂಸಿಬಲ್’ ಮತ್ತು ಟೋನಿ ಕುಶ್ನರ್ ಅವರ ‘ಏಂಜಲ್ಸ್ ಇನ್ ಅಮೆರಿಕ’. ಮೊದಲನೆಯದು 1953ರಲ್ಲಿ ಬಂತು. ಕಥೆ 1692ರ ಸೇಲಂ ಊರಿನ ಮಾಟಗಾತಿ ವಿಚಾರಣೆಯದು, ಗುರಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದ ತನ್ನ ಕಾಲ. ‘ಸೇಲ್ಸ್‌ಮನ್’ ನಿರ್ದೇಶಿಸಿದ್ದ ಕಜಾನ್ 1952ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಹಳೆಯ ಗೆಳೆಯರ ಹೆಸರು ಹೇಳಿದರು. ಮಿಲ್ಲರ್ ಅವರನ್ನು 1956ರಲ್ಲಿ ಕರೆದಾಗ ತಮ್ಮ ಬಗ್ಗೆ ಕೇಳಿ, ಬೇರೆಯವರ ಹೆಸರು ಹೇಳುವುದಿಲ್ಲ ಎಂದರು. ಸಂಸತ್ತಿನ ನಿಂದನೆಗಾಗಿ ಶಿಕ್ಷೆಯಾಗಿ, ಅದು 1958ರಲ್ಲಿ ಮೇಲ್ಮನವಿಯಲ್ಲಿ ರದ್ದಾಯಿತು. ಗಮನಿಸಿ, ಇದು ಅವರ ನಾಟಕದ ಜಾನ್ ಪ್ರಾಕ್ಟರ್ ಮೂರು ವರ್ಷ ಮೊದಲೇ ರಂಗದ ಮೇಲೆ ಮಾಡಿದ ಕೆಲಸ. ಇಲ್ಲಿಯೂ ತಳದಲ್ಲಿ ಮನೆ, ಜಮೀನು. ನೆರೆಯವನನ್ನು ಮಾಟಗಾರನೆಂದು ಹಿಡಿಸಿದರೆ ಅವನ ಹೊಲ ಹರಾಜಿಗೆ ಬರುತ್ತದೆ. ಅದನ್ನು ಅರಿತ ಮುದುಕ ಜೈಲ್ಸ್ ಕೋರಿ ಹೌದೆಂದೂ ಅಲ್ಲವೆಂದೂ ಹೇಳದೆ ಎದೆಯ ಮೇಲೆ ಕಲ್ಲು ಹೇರಿಸಿಕೊಂಡು ಸಾಯುತ್ತಾನೆ, ಹೊಲ ಮಕ್ಕಳಿಗೆ ಉಳಿಯುತ್ತದೆ.

‘ಏಂಜಲ್ಸ್’ ಏಡ್ಸ್ ಕಾಯಿಲೆ ಕಾಲಿಟ್ಟ ಎಂಬತ್ತರ ದಶಕದ್ದು. ಅದರಲ್ಲಿ ಬರುವ ವಕೀಲ ರಾಯ್ ಕೋನ್ ನಿಜವಾಗಿ ಬದುಕಿದ್ದವನು, ಐವತ್ತರ ದಶಕದ ಕಮ್ಯುನಿಸ್ಟ್ ಬೇಟೆಯಲ್ಲಿ ಸೆನೆಟರ್ ಮೆಕಾರ್ಥಿಯ ಬಲಗೈ. ಹಾಗಾಗಿ ಇದು ‘ಕ್ರೂಸಿಬಲ್’ನ ಮುಂದಿನ ಅಧ್ಯಾಯವೆಂದೇ ಓದಿಕೊಳ್ಳಬಹುದು. ಎರಡು ಭಾಗ ಸೇರಿ ಏಳು ಗಂಟೆಯ ಹತ್ತಿರ. ಕಾಲೇಜಿನ ದೊಡ್ಡ ತಂಡಕ್ಕೆ ‘ಕ್ರೂಸಿಬಲ್’ನಷ್ಟು ಒದಗುವ ನಾಟಕ ಕಡಿಮೆ, ಇಪ್ಪತ್ತರಷ್ಟು ಪಾತ್ರಗಳಿವೆ, ಹುಡುಗಿಯರಿಗೆ ಕೈತುಂಬಾ ಕೆಲಸ. ಆದರೆ ಊರವರ ಮೇಲೆ ಮಾಟದ ಆರೋಪ ಹೊರಿಸುವ ಹುಡುಗಿ ಅಬಿಗೇಲ್‌ಳ ವಿಷಯದಲ್ಲಿ ಒಂದು ತಕರಾರು ಇದೆ: ಚರಿತ್ರೆಯಲ್ಲಿ ಹನ್ನೊಂದು ಹನ್ನೆರಡರ ಮಗುವಾಗಿದ್ದವಳನ್ನು ಮಿಲ್ಲರ್ ಹದಿನೇಳರವಳನ್ನಾಗಿ ಮಾಡಿ, ಊರಿನ ಪಾಪಕ್ಕೆಲ್ಲ ಅವಳ ಕಾಮವನ್ನು ಕಾರಣ ಮಾಡಿದರು. ಆಡುವವರು ಇದನ್ನು ಯೋಚಿಸಲೇಬೇಕು.

ಉಳಿದವುಗಳ ಬಗ್ಗೆ ಬೇಗ ಹೇಳುತ್ತೇನೆ. ಥಾರ್ನ್‌ಟನ್ ವೈಲ್ಡರ್ ಅವರ ‘ಅವರ್ ಟೌನ್’ (1938) ನಮ್ಮ ಸೂತ್ರಧಾರನನ್ನು ಬಲ್ಲವರಿಗೆ ಆಪ್ತವಾಗುತ್ತದೆ. ಬರಿಯ ರಂಗ, ಎರಡು ಮೇಜು, ಎರಡು ಏಣಿ, ಕಥೆ ನಡೆಸುವ ಒಬ್ಬ ಮನುಷ್ಯ. ಖರ್ಚಿಲ್ಲದೆ ಆಡಬಹುದು. ಎಡ್ವರ್ಡ್ ಆಲ್ಬಿ ಅವರ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?’ (1962) ನಾಲ್ವರು ನುರಿತ ನಟರಿದ್ದರೆ ಮಾತ್ರ. ಡೇವಿಡ್ ಮ್ಯಾಮೆಟ್ ಅವರ ‘ಗ್ಲೆನ್‌ಗ್ಯಾರಿ ಗ್ಲೆನ್ ರಾಸ್’ (1983) ನಿವೇಶನ ಮಾರುವ ದಲ್ಲಾಳಿಗಳ ಕಥೆ, ವಿಲ್ಲಿ ಲೋಮನ್‌ನ ಮೊಮ್ಮಕ್ಕಳಂತಿರುವವರು. ‘ಸೇಲ್ಸ್‌ಮನ್’ ಓದಿದ ಮೇಲೆ ಓದಿದರೆ ಮೂವತ್ತು ವರ್ಷಗಳಲ್ಲಿ ಏನೇನು ಕಳೆದುಹೋಯಿತು ಎಂದು ಕಾಣುತ್ತದೆ.

ಐದೇ ಜನ, ಅರ್ಧ ಗಂಟೆ

ಇಷ್ಟು ಹೇಳಿದ ಮೇಲೆ, ಹೊಸದಾಗಿ ಓದಲು ಅಥವಾ ಆಡಲು ಹೊರಟ ಸಣ್ಣ ಗುಂಪಿಗೆ ನಾನು ಕೊಡುವ ಮೊದಲ ನಾಟಕ ಇವು ಯಾವುವೂ ಅಲ್ಲ. ಸೂಸನ್ ಗ್ಲಾಸ್‌ಪೆಲ್ ಅವರ ಏಕಾಂಕ ‘ಟ್ರೈಫಲ್ಸ್’. 1916ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಪ್ರಾವಿನ್ಸ್‌ಟೌನ್ ಎಂಬ ಮೀನುಗಾರರ ಊರಿನಲ್ಲಿ, ಕಡಲಕಟ್ಟೆಯ ಮೇಲಿನ ಹಳೆಯ ಕಟ್ಟಡದಲ್ಲಿ ಇದನ್ನು ಮೊದಲು ಆಡಿದರು. ಅದೇ ಬೇಸಿಗೆಯಲ್ಲಿ ಅದೇ ಕಟ್ಟಡದಲ್ಲಿ ಓನೀಲ್ ಅವರ ಮೊದಲ ನಾಟಕವೂ ರಂಗ ಕಂಡಿತು. ಗ್ಲಾಸ್‌ಪೆಲ್ ತರುಣಿಯಾಗಿದ್ದಾಗ ಅಯೋವಾ ರಾಜ್ಯದಲ್ಲಿ ಪತ್ರಿಕಾ ವರದಿಗಾರ್ತಿ. 1900ರ ಡಿಸೆಂಬರಿನಲ್ಲಿ ರೈತನೊಬ್ಬ ಮಲಗಿದ್ದಲ್ಲೇ ಕೊಲೆಯಾಗಿ ಹೆಂಡತಿಯ ಮೇಲೆ ಆರೋಪ ಬಂದ ಪ್ರಕರಣವನ್ನು ಅವರೇ ವರದಿ ಮಾಡಿದ್ದರು. ನಾಟಕ ಹುಟ್ಟಿದ್ದು ಅಲ್ಲಿಂದ.

ಕೊಲೆಯಾದ ಮನೆಯ ಅಡುಗೆಮನೆ. ಗಂಡನ ಕತ್ತಿಗೆ ಹಗ್ಗ ಬಿಗಿದು ಕೊಂದಿದ್ದಾರೆ, ಹೆಂಡತಿ ಸೆರೆಮನೆಯಲ್ಲಿದ್ದಾಳೆ, ಅವಳು ರಂಗಕ್ಕೆ ಬರುವುದೇ ಇಲ್ಲ. ಮೂವರು ಗಂಡಸರು ಸಾಕ್ಷ್ಯ ಹುಡುಕಲು ಮಹಡಿ ಹತ್ತುತ್ತಾರೆ. ಅಡುಗೆಮನೆಯಲ್ಲಿ ಏನಿದೆ, ಬರೀ ಹೆಂಗಸರ ಸಾಮಾನು ಎಂದು ಬಿಟ್ಟುಹೋಗುತ್ತಾರೆ. ಉಳಿದ ಇಬ್ಬರು ಹೆಂಗಸರು ಸೆರೆಯಲ್ಲಿರುವವಳಿಗೆ ಬಟ್ಟೆ ಒಟ್ಟುಮಾಡುತ್ತಾ ಸುತ್ತ ನೋಡುತ್ತಾರೆ. 1916ರಲ್ಲಿ ಅಯೋವಾದಲ್ಲಿ ಹೆಂಗಸರು ತಪ್ಪಿತಸ್ಥರೋ ಅಲ್ಲವೋ ಎಂದು ತೀರ್ಮಾನಿಸುವ ನಾಗರಿಕರ ಜ್ಯೂರಿಯಲ್ಲಿ ಕೂರುವಂತಿರಲಿಲ್ಲ, ದೇಶವ್ಯಾಪಿ ಮತದ ಹಕ್ಕು ಬಂದದ್ದೇ 1920ರಲ್ಲಿ. ಇಲ್ಲಿ ಅವರು ಸದ್ದಿಲ್ಲದೆ ವಿಚಾರಣೆ ನಡೆಸುತ್ತಾರೆ. ಅರ್ಧ ಒರೆಸಿ ಬಿಟ್ಟ ಮೇಜು. ಚಳಿಗೆ ಒಡೆದ ಹಣ್ಣಿನ ಜಾಡಿಗಳು. ಬಾಗಿಲು ಕಿತ್ತ ಹಕ್ಕಿಯ ಪಂಜರ. ಅರ್ಧಕ್ಕೆ ನಿಂತ ಕೌದಿ. ತುಂಡುಗಳನ್ನೆಲ್ಲ ನವಿರಾಗಿ ಹೊಲಿದಿದ್ದಾಳೆ, ಒಂದರಲ್ಲಿ ಮಾತ್ರ ಹೊಲಿಗೆ ದಿಕ್ಕಾಪಾಲು. ಅದನ್ನು ಕಂಡ ನೆರೆಯವಳು ಏನೂ ಹೇಳದೆ ಆ ದಾರ ಬಿಚ್ಚಿ, ತಾನೇ ಸರಿಯಾಗಿ ಹೊಲಿಯಲು ಕೂರುತ್ತಾಳೆ. ಸಾಕ್ಷ್ಯ ಅಳಿಸಿಹೋಯಿತು. ಹೊಲಿಗೆಯ ಪೆಟ್ಟಿಗೆಯಲ್ಲಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ ಹಕ್ಕಿ, ಕತ್ತು ಹಿಸುಕಿದ್ದು.

ಆಡುವವರಿಗೆ ಇದರಿಂದಾಗುವ ಅನುಕೂಲವೂ ದೊಡ್ಡದು. ಐದು ಪಾತ್ರ, ಒಂದೇ ಸ್ಥಳ, ಒಂದು ಒಲೆ, ಒಂದು ಮೇಜು, ಹಳೆಯ ಕೌದಿ ಯಾರ ಮನೆಯಲ್ಲಾದರೂ ಸಿಗುತ್ತದೆ. ಗ್ಲಾಸ್‌ಪೆಲ್ ತೀರಿಕೊಂಡದ್ದು 1948ರಲ್ಲಿ. ಭಾರತದ ಕಾಯಿದೆಯಂತೆ ಲೇಖಕರು ತೀರಿಕೊಂಡ ವರ್ಷದಿಂದ 60 ವರ್ಷ ಕಳೆದಿರುವುದರಿಂದ ಅನುವಾದಿಸಿ ಆಡಲು ಯಾರ ಅನುಮತಿಯೂ ಬೇಡ. ಮಿಲ್ಲರ್, ವಿಲಿಯಮ್ಸ್, ವಿಲ್ಸನ್ ಅವರ ನಾಟಕಗಳಿಗೆ ಹಕ್ಕುದಾರರಿಂದ ಅನುಮತಿ ಪಡೆಯಬೇಕು, ತಾಲೀಮು ಶುರುಮಾಡುವ ಮೊದಲೇ ಬರೆದು ಕೇಳಿ.

ಅನುವಾದಿಸುವವರಿಗೆ ಕೊನೆಯ ಮಾತು ಒಂದೇ ತೊಡಕು. ಕೌದಿಯ ಪದರಗಳನ್ನು ಅವಳು ಒತ್ತಾಗಿ ಹೊಲಿಯುತ್ತಿದ್ದಳೋ, ಅಲ್ಲಲ್ಲಿ ದಾರ ಕಟ್ಟುತ್ತಿದ್ದಳೋ ಎಂದು ಹೆಂಗಸರು ಮೊದಲು ಮಾತನಾಡಿಕೊಂಡಿರುತ್ತಾರೆ, ಗಂಡಸರು ಅದನ್ನು ಕೇಳಿ ನಕ್ಕಿರುತ್ತಾರೆ. ಹೊರಡುವಾಗ ವಕೀಲ ತಮಾಷೆಗೆ ಮತ್ತೆ ಕೇಳುತ್ತಾನೆ, ಅದಕ್ಕೆ ಏನೋ ಅನ್ನುತ್ತೀರಲ್ಲ? ಹಕ್ಕಿಯ ಪೆಟ್ಟಿಗೆ ಆಗಲೇ ನೆರೆಯವಳ ಜೇಬಿನೊಳಗಿದೆ. ಮೂಲದಲ್ಲಿ ಅವಳು ಹೇಳುವ ಪದ ಕೌದಿಗೂ ಸಲ್ಲುತ್ತದೆ, ಕತ್ತಿಗೆ ಬಿಗಿದ ಹಗ್ಗಕ್ಕೂ ಸಲ್ಲುತ್ತದೆ. ನಮ್ಮ ಪುಣ್ಯಕ್ಕೆ ಕನ್ನಡದಲ್ಲಿ ಹುಡುಕಾಡಬೇಕಾಗಿಲ್ಲ. ಜೇಬಿನ ಮೇಲೆ ಕೈ ಒತ್ತಿ ಹಿಡಿದು ಅವಳು ಹೇಳಲಿ: “ಗಂಟು ಹಾಕುವುದು ಅನ್ನುತ್ತೇವೆ, ವಕೀಲರೇ.”